ಹಿಮದಲ್ಲಿ ಸತ್ತ ಮಾರ್ಗದರ್ಶಿ

ತನ್ನ ವಿದ್ಯಾರ್ಥಿನಿ ಕೃಪಾ ಕದ್ದಿದ್ದಾಳೆ ಎಂಬುದರಲ್ಲಿ ವಾಮನನಿಗೆ ಅನುಮಾನವಿರಲಿಲ್ಲ. ಇನ್ನೂ ಅಚ್ಚಾಗದ ಅವನ ಲೇಖನ ಮೇಜಿನ ಡ್ರಾಯರಿನಲ್ಲಿತ್ತು. ಶುಕ್ರವಾರ ಸಂಜೆ ಅವನ ಕೋಣೆ ಗುಡಿಸುವ ಅರೆಕಾಲಿಕ ಕೆಲಸ ಅವಳದು.

ಈಗ ಅವಳು ಎದುರಿಗೆ ಕೂತಿದ್ದಳು. ಪಕ್ಕದಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥೆ ಜೂಡಿತ್. ಕಿಟಕಿಯಾಚೆ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನ ಜೂನ್ ಗಾಳಿ ನಿಲ್ಲಿಸಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಬೀಳಿಸುತ್ತಿತ್ತು. 2004ರ ಚಳಿಗಾಲ.

ವಾಮನ ತನ್ನ ಲೇಖನವನ್ನೂ ಅವಳ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟ. ವಿಷಯ ಒಂದೇ. ಹದಿಮೂರನೆಯ ಶತಮಾನದಲ್ಲಿ ಯುರೋಪಿನಿಂದ ಮಂಗೋಲರ ರಾಜಧಾನಿಯವರೆಗೆ ಕುದುರೆಯ ಮೇಲೆ ಹೋದ ಒಬ್ಬ ಪಾದ್ರಿ. ಘಟನೆಯೂ ಒಂದೇ. ಮಾರ್ಗದರ್ಶಿ ಹಿಮದಲ್ಲಿ ಸಾಯುತ್ತಾನೆ. ಪಾದ್ರಿ ಹೆಣದ ಕಾಲಿನಿಂದ ಬೂಟು ಕಳಚಿ ತಾನು ಹಾಕಿಕೊಳ್ಳುತ್ತಾನೆ. ಆಮೇಲೆ ನಾಚಿ, ಅದನ್ನು ಸತ್ತವನ ತಾಯಿಗೆ ಮುಟ್ಟಿಸಲು ಒಂಬತ್ತು ದಿನದ ದಾರಿ ಹಿಂದಕ್ಕೆ ಹೋಗುತ್ತಾನೆ.

"ಇದು ಬೇರೆ ಯಾವ ಪುಸ್ತಕದಲ್ಲೂ ಇಲ್ಲ," ಎಂದು ವಾಮನ ಇಂಗ್ಲಿಷಿನಲ್ಲಿ ಹೇಳಿದ. "ಯಾರೂ ನೋಡದ ಒಂದು ಹಸ್ತಪ್ರತಿಯಲ್ಲಿ ನನಗೆ ಸಿಕ್ಕಿದ್ದು."

ಕೃಪಾಳ ಕಿವಿಗಳು ಕೆಂಪಾದವು. ಕಳವು ಸಾಬೀತಾದರೆ ಕೋರ್ಸಿನಿಂದ ಹೊರಗೆ. ಸ್ಟೂಡೆಂಟ್ ಪರ್ಮಿಟ್ಟೂ ಹೋಗುತ್ತದೆ. ಅವಳು ಕನ್ನಡಕ್ಕೆ ಹೊರಳಿದಳು.

"ಸರ್, ಇದನ್ನ ಇಲ್ಲಿಗೇ ಬಿಟ್ಬಿಡಿ. ಕೈ ಮುಗೀತೀನಿ."

"ನಮ್ಮ ಕಡೆಯೋಳು ಅಂತ ದಾಕ್ಷಿಣ್ಯಕ್ಕೆ ಎಳೀಬೇಡ. ಬರೆಯೋವಾಗ ಎಲ್ಲಿತ್ತಮ್ಮ ನಾಚಿಕೆ?"

"ನಾಚಿಕೆ ಆಗ್ತಿರೋದಕ್ಕೇ ಕನ್ನಡದಲ್ಲಿ ಹೇಳ್ತಿದೀನಿ. ಮೇಡಂಗೆ ತಿಳಿಯೋದು ಬೇಡ."

"ಏನಂತೆ?" ಜೂಡಿತ್ ಕೇಳಿದಳು.

"ಕ್ಷಮೆ ಕೇಳುತ್ತಿದ್ದಾಳೆ." ವಾಮನ ಕುರ್ಚಿಗೆ ಒರಗಿದ. "ಎಲ್ಲಿಂದ ತೆಗೆದುಕೊಂಡೆ? ಇಂಗ್ಲಿಷಿನಲ್ಲಿ ಹೇಳು. ಇವರೂ ಕೇಳಲಿ."

"ಸರ್, ನಿನ್ನೆ ಊರಿಗೆ ಫೋನ್ ಮಾಡಿದ್ದೆ. ಇನ್ನೊಂದ್ಸಲ ಯೋಚ್ನೆ ಮಾಡಿ."

"ಮನೆಯೋರ ಕೈಲಿ ಶಿಫಾರಸು ಬೇರೆನಾ? ಇಂಗ್ಲಿಷ್."

ಕೃಪಾ ಜೂಡಿತ್ ಕಡೆಗೆ ತಿರುಗಿದಳು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಶುರು ಮಾಡಿದಳು.

"ನನ್ನ ತಂದೆ ತಿಪ್ಪೇಸ್ವಾಮಿ ದಾವಣಗೆರೆಯಲ್ಲಿ ಹುಡುಗರ ಹಾಸ್ಟೆಲಿನ ವಾರ್ಡನ್ ಆಗಿದ್ದರು. ಹಾಸ್ಟೆಲಿನ ಕೈಬರಹದ ಪತ್ರಿಕೆಗೆ ಈ ಪಾದ್ರಿಯ ಪ್ರಯಾಣ ಬರೆದರು. ಆ ಮಾರ್ಗದರ್ಶಿ, ಆ ಬೂಟು, ಎಲ್ಲ ಅವರೇ ಕಟ್ಟಿದ್ದು. ಚಿಕ್ಕಂದಿನಿಂದ ಕೇಳಿ ನಾನು ನಿಜ ಅಂದುಕೊಂಡಿದ್ದೆ. ಅದು ನನ್ನ ತಪ್ಪು."

ಜೂಡಿತ್‌ಳ ಪೆನ್ನು ನಿಂತಿತು. ವಾಮನ ಎದ್ದು ಕಿಟಕಿ ಮುಚ್ಚಲು ಹೋದ. ಅದು ಆಗಲೇ ಮುಚ್ಚಿತ್ತು.

"ಪತ್ರಿಕೆ ಒಂದೇ ಪ್ರತಿ ಇತ್ತಂತೆ. ಅಕ್ಷರ ಚೆನ್ನಾಗಿದೆಯೆಂದು ಅಪ್ಪ ಅದನ್ನು ಬರೆಯಲು ಕೊಟ್ಟಿದ್ದು ವಾಮನ ಎಂಬ ಹುಡುಗನಿಗೆ. ಅವನ ಮರ್ಯಾದೆ ಕಳೆಯಬೇಡ ಎಂದು ನಿನ್ನೆ ಅಷ್ಟು ಹೇಳಿದ್ದರು."