ಇವತ್ತು ಬೇಡ

ಬೋರೇಶ ಓಡಿಸುತ್ತಿದ್ದ ಲಾರಿಯಡಿ ಸಿಕ್ಕಿ ಚೆನ್ನಾಜಮ್ಮನ ಒಬ್ಬಳೇ ಮಗಳು ತೀರಿಕೊಂಡಿದ್ದಳು. ಜೈಲಿನಿಂದ ಬಿಡುಗಡೆಯಾದ ದಿನ ಅವನು ನೇರವಾಗಿ ಚೆನ್ನಾಜಮ್ಮನ ಮನೆಗೇ ಹೋಗಿ ಬಾಗಿಲಲ್ಲಿ ನಿಂತ.

“ನಂಗೆ ಬದುಕೋ ಆಸೆ ಇಲ್ಲ ಕಣ್ರಮ್ಮ. ಸಾಯೋಕೆ ಮುಂಚೆ ನಿಮ್ಮ ಕೈಲಿ ನಾಲ್ಕು ಏಟು ತಿನ್ನಾನ ಅಂತ ಬಂದೆ.”

ಅವಳು ಜಗಲಿಯ ಮೇಲಿದ್ದ ಗ್ಯಾಸ್ ಸಿಲಿಂಡರ್ ಕಡೆ ಕೈ ತೋರಿಸಿದಳು.

“ಹೊಡೆಯೋಕೆ ನನ್ನ ತೋಳಲ್ಲಿ ಶಕ್ತಿ ಇಲ್ಲ. ಸಾಯೋದಾದ್ರೆ ನಾಳೆ ಸಾಯಿ. ಇವತ್ತು ಆ ಸಿಲಿಂಡರ್ ಒಳಗಿಟ್ಟು ಹೋಗು.”

ಮರುದಿನ ಹೋದರೆ ಸೋರುವ ನಲ್ಲಿ ತೋರಿಸಿದಳು. ಅದರ ಮರುದಿನ ಹಾಗಲಬಳ್ಳಿಗೆ ಚಪ್ಪರ ಹಾಕಲು ಹೇಳಿದಳು. “ಅರ್ಧಕ್ಕೇ ಬಿಟ್ಟು ಸತ್ತೀಯ, ಜೋಕೆ!” ಎಂದು ಅವಳು ಗದರಿದಾಗ ಅವನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಾರದೆ ಅವನು ಚಪ್ಪರದ ಹಗ್ಗ ಬಿಗಿಯತೊಡಗಿದ, ಅವಳು ಒಳಗೆ ಹೋದಳು.

ಬಳ್ಳಿ ಕಾಯಿ ಬಿಡುವ ಹೊತ್ತಿಗೆ ಅವನು ಸಾಯುವ ಮಾತನ್ನೇ ಮರೆತಿದ್ದ. ಒಂದು ಬೆಳಿಗ್ಗೆ ಬ್ಯಾಗು ಹಿಡಿದು ಬಂದ.

“ಹುಬ್ಬಳ್ಳೀಲಿ ಗ್ಯಾರೇಜ್ ಕೆಲ್ಸ ಸಿಕ್ಕೈತೆ ಕಣ್ರಮ್ಮ, ಹೊರಟೆ. ಇನ್ನು ಸಾಯಲ್ಲ, ನಿಮ್ಮಾಣೆ.”

ಇಬ್ಬರಿಗೆಂದು ಕಾಫಿ ಕಾಯಿಸುತ್ತಿದ್ದ ಚೆನ್ನಾಜಮ್ಮ ಒಲೆ ಆರಿಸಿದಳು.

“ಒಳ್ಳೇದಾಯ್ತಪ್ಪ,” ಎಂದಳು. “ನಾಳೆ ಬೆಳಿಗ್ಗೆ ನಾನು ಯಾತಕ್ಕೆ ಏಳ್ಲಿ, ಹೇಳು?”