ಏ, ಇವಳೇ

“ನೀರು!” ಎಂದು ಯಜಮಾನರು ಕೂಗಿದ ರಭಸಕ್ಕೆ ಮೀಟರಿನ ಮುಳ್ಳು ಕೆಂಪುಗೆರೆಗೆ ಹೋಗಿ ಬಡಿಯಿತು. ಗಾಜಿನ ಈಚೆ ಕೂತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಹೆಡ್‌ಫೋನನ್ನು ಕಿವಿಯಿಂದ ಸರಿಸಿ, ಗುಂಡಿ ಒತ್ತಿ, ತನ್ನ ಒಡಕು ಪಿಸುದನಿಯಲ್ಲಿ ಹೇಳಿದಳು: “ಯಜಮಾನ್ರೇ, ನೀವು ನೀರು ಕೇಳ್ತಿದ್ದೀರಿ, ಹರಾಜು ಹಾಕ್ತಿಲ್ಲ.”

“ಮನೇಲೂ ಹೀಗೇ ಕಣಮ್ಮ,” ಎಂದರು ಅವಳ ಪಕ್ಕದಲ್ಲಿದ್ದ ಯಜಮಾನರ ಹೆಂಡತಿ. “ಇವರು ನೀರು ಕೇಳಿದ್ರೆ ಪಕ್ಕದ ಮನೆಯವರು ತಂದ್ಕೊಡ್ತಾರೆ.”

ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತೆರಡು ವರ್ಷ ಹರಾಜು ಕೂಗಿದ ಗಂಟಲು ಅದು. ಈಗ ಅಲ್ಲಿ ಗೆಡ್ಡೆಯೊಂದು ಬೇರು ಬಿಟ್ಟಿತ್ತು. ನಾಡಿದ್ದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಅಷ್ಟರೊಳಗೆ ದಿನಬಳಕೆಯ ನೂರು ಮಾತು ರೆಕಾರ್ಡ್ ಮಾಡಿಸಿಟ್ಟುಕೊಂಡರೆ, ಮುಂದೆ ಮೊಬೈಲಿನಲ್ಲಿ ಒತ್ತಿ ಅವರದೇ ದನಿಯಲ್ಲಿ ಕೇಳಿಸಬಹುದು ಎಂದು ಡಾಕ್ಟರು ಹೇಳಿದ್ದರು. ಮಗಳು ಪಟ್ಟಿ ಬರೆದುಕೊಟ್ಟಿದ್ದಳು: ಹೌದು, ಬೇಡ, ನೀರು, ನೋವು, ಫ್ಯಾನ್ ಹಾಕು, ಡಾಕ್ಟರನ್ನು ಕರಿ.

ಎಂಜಿನಿಯರಿಗೆ ಹೀಗೆ ಬರೀ ಮಾತು ರೆಕಾರ್ಡ್ ಮಾಡುವ ಕೆಲಸ ಹೊಸದು, ಆ ಆಸ್ಪತ್ರೆ ಹೊಸದಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳು ರಾಕ್ ತಂಡವೊಂದರ ಗಾಯಕಿ. ಜನ ಅವಳನ್ನು ‘ಗುಡುಗು’ ಎಂದೇ ಕರೆಯುತ್ತಿದ್ದರು. ಕೆಮ್ಮಿದರೆ ರಕ್ತ ಬೀಳುತ್ತಿದ್ದಾಗಲೂ, ಒಪ್ಪಿಕೊಂಡಾಗಿದೆಯಲ್ಲ ಎಂದು ಇನ್ನೂ ಒಂಬತ್ತು ಊರಿನಲ್ಲಿ ಹಾಡಿದಳು. ಆಪರೇಷನ್ ಆದ ಮೇಲೆ ಉಳಿದದ್ದು ಈ ಪಿಸುದನಿ. ತಂಡ ಬೇರೆ ಹುಡುಗಿಯನ್ನು ಹುಡುಕಿಕೊಂಡಿತು. ಗಂಟಲು ಹೋದರೂ ಕಿವಿ ಇದೆಯಲ್ಲ ಎಂದು ಅವಳು ಗಾಜಿನ ಈಚೆ ಬಂದು ಕೂತಳು. ಹಾಡುವವರು ಶ್ರುತಿ ತಪ್ಪಿದರೆ ಅವಳು ಸಿಡುಕುತ್ತಿರಲಿಲ್ಲ. ಯಾರದಾದರೂ ಗಂಟಲು ಬಳಲಿದ್ದು ಕೇಳಿಸಿದರೆ ಮಾತ್ರ, ಎಷ್ಟು ಬೇಡಿಕೊಂಡರೂ ಕೇಳದೆ ಮೈಕು ಆರಿಸಿ ಮನೆಗೆ ಕಳಿಸುತ್ತಿದ್ದಳು. ಈ ಯಜಮಾನರನ್ನು ಹಾಗೆ ಕಳಿಸುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮುಗಿಯಿತು. ಹೆಂಡತಿ ಕೈಚೀಲದ ಹಿಡಿ ತಿರುವುತ್ತ ಕೂತೇ ಇದ್ದರು.

“ಒಂದು ಬಿಟ್ಟುಹೋಯ್ತು ಕಣಮ್ಮ. ನನ್ನನ್ನ ಕರೆಯೋದು. ಇವರು ಹೆಸರು ಹಿಡಿದು ಕರೆದವರೇ ಅಲ್ಲ. ‘ಏ, ಇವಳೇ’ ಅಂತಾರೆ. ನಲವತ್ತು ವರ್ಷದಿಂದ ಅದೇ ನನ್ನ ಹೆಸರು. ಅದನ್ನೂ ಬರೀಬೇಕು ಅಂತ ಮಗಳಿಗೆ ಹೊಳೆದಿಲ್ಲ.”

ಯಜಮಾನರಿಗೆ ನಾಚಿಕೆಯಾಯಿತು. “ಎದುರಿಗೇ ಕೂತಿದ್ದಾಳೆ. ಎದುರಿಗಿರೋಳನ್ನ ಹೇಗಮ್ಮ ಕರೀಲಿ?”

ಆದರೂ ಪ್ರಯತ್ನಿಸಿದರು. ಮೊದಲ ಸಲ ಶಾಲೆಯಲ್ಲಿ ಹಾಜರಿ ಕೂಗಿದಂತಾಯಿತು. ಎರಡನೆಯ ಸಲ ನೇರ ಮಾರುಕಟ್ಟೆಗೇ ಹೋಯಿತು. ಮೂರನೆಯ ಸಲ ನಗು ಬಂದು, ನಗು ಕೆಮ್ಮಾಗಿ, ಕೆಮ್ಮು ನಿಲ್ಲಲಿಲ್ಲ. ನಿಂತಾಗ ಅವರು ಬಾಯಿ ಒರೆಸಿಕೊಂಡು ತಲೆ ತಗ್ಗಿಸಿದರು. “ಬಿಡಮ್ಮ. ಬರ್ತಿಲ್ಲ,” ಎಂದರು. ಬೆಳಗಿನಿಂದ ಅವರು ಮೆಲ್ಲಗೆ ಆಡಿದ ಮಾತು ಅದೊಂದೇ.

ಎಂಜಿನಿಯರ್ ಒಳಗೆ ಹೋಗಿ ಅವರಿಗೆ ಬಿಸಿನೀರು ಕೊಟ್ಟಳು. “ಐದು ನಿಮಿಷ ಕಣ್ಣು ಮುಚ್ಚಿ ಸುಮ್ನೆ ಕೂತಿರಿ. ಆಮೇಲೆ ಪಟ್ಟಿ ಒಂದು ಸಲ ನೋಡಿ, ಏನಾದ್ರೂ ಬಿಟ್ಟಿದೆಯಾ ಅಂತ.” ಬರುವಾಗ ಸ್ಟ್ಯಾಂಡಿನ ಮೇಲಿದ್ದ ಅವರ ಕನ್ನಡಕವನ್ನು ಜೇಬಿಗೆ ಹಾಕಿಕೊಂಡಳು. ಮೈಕು ಆರಿಸಲಿಲ್ಲ. ಬಾಗಿಲನ್ನು ಅರ್ಧ ತೆರೆದಿಟ್ಟು, ಹೆಂಡತಿಯ ಕೈ ಹಿಡಿದು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಬಂದಳು.

ಒಳಗೆ ಕಾಗದ ಸರಿದಾಡಿತು. ಕುರ್ಚಿ ಕಿರುಗುಟ್ಟಿತು. ಏನನ್ನೋ ತಡಕಾಡಿದ ಸದ್ದು.

“ಏ, ಇವಳೇ... ನನ್ನ ಕನ್ನಡಕ ಎಲ್ಲಿಟ್ಟೆ?”

“ಅಲ್ಲೇ ಇರತ್ತೆ, ಸರಿಯಾಗಿ ನೋಡಿ!” ಎಂದು ಹೆಂಡತಿ ಅಲ್ಲಿಂದಲೇ ಗದರಿದರು. ಗದರಿದ ಮೇಲೆ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆಗೆ ಒರಗಿ, ಸದ್ದಿಲ್ಲದೆ ಅತ್ತರು.

“ನನ್ನ ಮಾತೂ ಬಿದ್ದುಬಿಡ್ತಲ್ಲಮ್ಮ. ತೆಗೆದುಬಿಡಿ ಅದನ್ನ,” ಎಂದರು, ಮತ್ತೆ ಒಳಗೆ ಬಂದಾಗ.

“ತೆಗೀಬೇಡಿ,” ಎಂದರು ಯಜಮಾನರು. “ಇವಳು ಎದುರು ಮಾತಾಡದೆ ಇದ್ದ ದಿನ ಇಲ್ಲ. ಬರೀ ನನ್ನ ದನಿ ಕೇಳಿದ್ರೆ ಯಾರೂ ನಂಬಲ್ಲ.”

ಹೊರಡುವಾಗ ಹೆಂಡತಿ ಬಾಗಿಲಲ್ಲಿ ತಡೆದು ನಿಂತರು. “ನೀವೂ ದೊಡ್ಡದಾಗಿ ಹಾಡ್ತಿದ್ರಂತೆ, ಡಾಕ್ಟರು ಹೇಳಿದ್ರು. ಆವಾಗಿನ ದನಿ ಇಟ್ಕೊಂಡಿದ್ದೀರಾ?”

“ಮೂರು ಆಲ್ಬಮ್ ಇದೆಯಮ್ಮ.”

“ಅದು ಹಾಡಾಯ್ತು. ಮಾತು?”

ಅವರು ಹೋದ ಮೇಲೆ ಎಂಜಿನಿಯರ್ ತನ್ನ ಹಳೆಯದನ್ನೆಲ್ಲ ತೆಗೆದು ಒಂದೊಂದಾಗಿ ಕೇಳಿದಳು. ವೇದಿಕೆಯ ಮೇಲೆ ಸಾವಿರಾರು ಜನರನ್ನು ‘ಹೇಗಿದ್ದೀರಿ’ ಎಂದು ಕೂಗಿ ಕೇಳಿದ್ದಿತ್ತು. ಸಂದರ್ಶನಗಳಿದ್ದವು, ಅಲ್ಲಿಯೂ ಊರಿಗೆಲ್ಲ ಕೇಳಲೆಂದು ಆಡಿದ ಮಾತೇ. ಹಾಡಿನ ನಡುವೆ ಸಹಜವಾಗಿ ಆಡಿದ್ದನ್ನೆಲ್ಲ ಆಗಿನ ಎಂಜಿನಿಯರ್ ಕತ್ತರಿಸಿ ಎಸೆದಿದ್ದ. ಅವಳಾಗಿದ್ದರೂ ಎಸೆಯುತ್ತಿದ್ದಳು.

ಅಮ್ಮನಿಗೆ ಫೋನ್ ಮಾಡಿದಳು.

“ಅಮ್ಮಾ, ನನ್ನ ಮೊದಲಿನ ದನಿ ನಿನ್ನ ಹತ್ರ ಎಲ್ಲಾದ್ರೂ ಇದೆಯಾ?”

“ಇಲ್ದೆ ಏನು? ಮೂರು ಆಲ್ಬಮ್ಮೂ ಕಪಾಟಿನಲ್ಲಿ ಇಟ್ಟಿದೀನಿ.”

“ಹಾಡಲ್ಲಮ್ಮ. ಸುಮ್ನೆ ಮಾತಾಡಿದ್ದು. ನಿನ್ನನ್ನ ಕರೆದದ್ದು, ನಿನ್ನ ಜೊತೆ ಜಗಳ ಆಡಿದ್ದು... ಯಾವುದಾದ್ರೂ ಹಳೇ ಫೋನಲ್ಲಿ, ಯಾರಾದ್ರೂ ತೆಗೆದ ವಿಡಿಯೋದಲ್ಲಿ?”

ಅಮ್ಮ ಕಪಾಟು ತೆರೆದು ತಡಕಾಡಿದ ಸದ್ದು ಕೇಳಿಸಿತು. ಕೊನೆಗೆ, ಆಕ್ಷೇಪಣೆಯ ಸುಳಿವೂ ಇಲ್ಲದೆ, ತಾನೇ ಎಲ್ಲೋ ಇಟ್ಟು ಕಳೆದುಹಾಕಿದವಳ ಹಾಗೆ ಹೇಳಿದಳು:

“ಆಗ ನೀನು ಮನೇಲಿ ಎಲ್ಲಿರ್ತಿದ್ದೆ, ಪುಟ್ಟಾ?”