ಮಾಯಾಂಡಿಯ ಎರಡು ಬೆರಳು

"ಈ ತುಪಾಕಿಯಿಂದ ಹಿಂದೆ ಯಾವತ್ತಾದರೂ ಅಪಘಾತ ಆಗಿದೆಯಾ?" ತೇನಿಯ ಹೊರವಲಯದ ಗುಂಡು ಹಾರಿಸುವ ಮೈದಾನದಲ್ಲಿ ತರಬೇತುದಾರ ವೇಲು ಫಾರಂ ಮೇಲೆ ಪೆನ್ನು ಊರಿ ತಮಿಳಿನಲ್ಲಿ ಕೇಳಿದ. ಮಣಿಮೇಗಲೈ ಬಾಯಿ ತೆರೆಯುವ ಮೊದಲೇ ಅವಳ ಅಪ್ಪ ಮಾಯಾಂಡಿ ಮುಂದೆ ಬಂದು, "ಇಲ್ಲವೇ ಇಲ್ಲ. ನಲವತ್ತು ವರ್ಷದಲ್ಲಿ ಒಂದು ಸಲವೂ ಮೋಸ ಮಾಡಿಲ್ಲ" ಎಂದು ಎಡಗೈ ಎತ್ತಿ ಆಣೆ ಇಟ್ಟ. ಆ ಕೈಯಲ್ಲಿ ಬೆರಳು ಮೂರೇ ಇದ್ದವು.

ವೇಲುವಿನ ಕಣ್ಣು ಅಲ್ಲೇ ನಿಂತದ್ದು ಕಂಡು ಮಾಯಾಂಡಿಗೆ ಖುಷಿಯೇ ಆಯಿತು. "ಇದಾ? ಇದು ಹಂದಿ" ಎಂದ. ಓಡೈಪಟ್ಟಿಯ ದ್ರಾಕ್ಷಿ ತೋಟಕ್ಕೆ ನುಗ್ಗಿದ ಕಾಡುಹಂದಿಯ ಬಾಯಿಗೆ ಎರಡು ಬೆರಳು ಕೊಟ್ಟು ಅದರ ಪ್ರಾಣ ತೆಗೆದ ಕಥೆಯನ್ನು ಮಣಿಮೇಗಲೈ ಹುಟ್ಟಿದಾಗಿನಿಂದ ಕೇಳುತ್ತಿದ್ದಳು. ಅವಳ ಬಾಲ್ಯದಲ್ಲಿ ಹಂದಿ ಮೇಕೆಯಷ್ಟಿತ್ತು. ಈಗ ಬೆಳೆದು ಎಮ್ಮೆಯಷ್ಟಾಗಿತ್ತು. ಅದರ ದೆಸೆಯಿಂದ, ಮನೆಯಲ್ಲಿ ಕನ್ನಡವಾಡುವ ಅವರ ಕುಲದವರ ಯಾವ ಮದುವೆಯಾದರೂ ಮೊದಲ ತಾಂಬೂಲ ಮಾಯಾಂಡಿಗೇ. ಬರುವ ಭಾನುವಾರ ಬತ್ತಲಗುಂಡಿನಲ್ಲಿ ಒಂದು ಮದುವೆಯಿತ್ತು. ಪಂಚೆ ಆಗಲೇ ಇಸ್ತ್ರಿಯಾಗಿ ಕೂತಿತ್ತು.

ಆದರೆ ಈಗಿನ ಹಂದಿಗಳು ಕಥೆಗೆ ಹೆದರುವುದಿಲ್ಲ. ಎರಡು ವರ್ಷದಿಂದ ತೋಟಕ್ಕೆ ನುಗ್ಗಿ ಹಬ್ಬ ಮಾಡುತ್ತಿದ್ದವು. ಮಾಯಾಂಡಿಯ ಕಣ್ಣಿಗೆ ಪೊರೆ ಬಂದಿತ್ತು. ಕೋವಿಯ ಲೈಸೆನ್ಸ್ ಮಣಿಮೇಗಲೈ ಹೆಸರಿಗಾಗಬೇಕಾದರೆ ಅವಳು ಮನೆಯ ಕೋವಿಯಲ್ಲೇ ಐದು ಗುಂಡು ಹಾರಿಸಿ ಸರ್ಟಿಫಿಕೇಟ್ ತರಬೇಕು. ಕೋವಿಗೆ ತುಂಬುವ ತೋಟಾಗಳೂ ಮನೆಯವೇ. ಅವಳ ತಾಯಿ ಪಾಪಮ್ಮಾಳ್ ಪ್ರತಿ ಆಯುಧ ಪೂಜೆಗೆ ರುಬ್ಬುವ ಗ್ರೈಂಡರು, ಔಷಧಿ ಹೊಡೆಯುವ ಪಂಪು, ಕೋವಿ, ತೋಟಾ ಪೆಟ್ಟಿಗೆ ಎಲ್ಲದರ ಮೇಲೂ ಅರಿಶಿನದ ನೀರು ಚಿಮುಕಿಸುತ್ತಿದ್ದಳು. ಪೂಜೆಯಲ್ಲಿ ಪಕ್ಷಪಾತ ಮಾಡುವ ಹೆಂಗಸಲ್ಲ ಅವಳು.

ಎರಡು ತೋಟಾ ಸರಿಯಾಗಿ ಸಿಡಿದವು. ಒಂದಂತೂ ಗುರಿಯ ಹಲಗೆಗೇ ಬಿತ್ತು, ವೇಲು ಹುಬ್ಬೇರಿಸಿದ. ಅರಿಶಿನದ ನೀರು ಕುಡಿದಿದ್ದ ಮೂರನೆಯದು 'ಟಕ್' ಎಂದು ಸುಮ್ಮನಾಯಿತು.

ವೇಲು ಅವಳ ಭುಜದ ಹಿಂದೆ ಬಂದು ಇಣುಕಿದ. "ತೋಟಾ ಸತ್ತಿದೆ. ಕೋವಿ ಬಾಗಿಸಿ ತೆಗೆದು ಎಸೆಯಮ್ಮ, ಊಟದ ಹೊತ್ತಾಯಿತು." ಗುಂಡು ಸಿಡಿಯದಿದ್ದರೆ ಕೋವಿ ತೆರೆಯದೆ ಕಾಯಬೇಕೆಂದು ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಬರೆಸಿದವನು ಅವನೇ. ಮಣಿಮೇಗಲೈ ಎಡಗೈಯಲ್ಲಿ ನಳಿಗೆ ಹಿಡಿದು, ಬಲಗೈ ಹೆಬ್ಬೆರಳನ್ನು ಕೋವಿ ತೆರೆಯುವ ಲಿವರ್ ಮೇಲಿಟ್ಟಳು.

"ತೆರೀಬ್ಯಾಡ!"

ಅವಳು ಬೆಚ್ಚಿ ಓರೆಗಣ್ಣಲ್ಲಿ ನೋಡಿದಳು. ಹಂದಿ ಗೆದ್ದ ಮಾಯಾಂಡಿ ಮರಳಿನ ಮೂಟೆಗಳ ಹಿಂದೆ ಮೂಗು ಮಣ್ಣಿಗೆ ಒತ್ತಿ ಬೋರಲು ಬಿದ್ದಿದ್ದ. "ತೆರೀಬ್ಯಾಡ ತಾಯೀ! ಕೈ ಓಗ್ತದೆ! ಕೋವಿ ಮೂತಿ ಮುಂದುಕ್ಕೇ ಇರ್ಲಿ! ಎಣಿಸು... ಒಂದು... ಎರಡು... ಮೂರು..."

"ಏನಂತೆ ನಿಮ್ಮಪ್ಪನಿಗೆ?" ಕನ್ನಡ ತಿಳಿಯದ ವೇಲು ಇನ್ನಷ್ಟು ಬಾಗಿದ.

ಎಣಿಕೆ ಒಂಬತ್ತಕ್ಕೆ ಬಂದಾಗ ಕೋವಿ ಸಿಡಿಯಿತು. ಗುಂಡು ಎದುರಿನ ಮಣ್ಣುದಿಬ್ಬಕ್ಕೆ ಹೋಯಿತು. ಸಡಿಲವಾಗಿ ಹಿಡಿದಿದ್ದ ಕೋವಿಯ ಹಿಡಿ ಅವಳ ಭುಜದಿಂದ ಜಾರಿ ನೇರ ವೇಲುವಿನ ಮೂಗಿಗೆ ಬಂತು. ಅವನು ಅಲ್ಲೇ ಕೂತು ಅಮ್ಮನನ್ನು ಕರೆದ.

ಮಣಿಮೇಗಲೈ ಕೋವಿ ಕೆಳಗಿಟ್ಟು ತನ್ನ ಬೆರಳು ನೋಡಿಕೊಂಡಳು. ಹತ್ತೂ ಇದ್ದವು. ಆಮೇಲೆ ಸಿಟ್ಟು ಬಂತು. ಕೋವಿ ಹಿಡಿಯುವುದು, ಒರೆಸುವುದು, ಎಣ್ಣೆ ಹಾಕುವುದು ಎಲ್ಲ ಕಲಿಸಿದ ಅಪ್ಪ ಇದೊಂದನ್ನು ಮಾತ್ರ ಕಲಿಸಿರಲಿಲ್ಲ. ಕಲಿಸಿದ್ದರೆ, ನಿನಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಿದ್ದಳು.

"ಅಪ್ಪಾ, ಆವತ್ತು ಆ ಹಂದಿ ಎಷ್ಟು ಎಣಿಸೋವರ್ಗೂ ಕಾದಿತ್ತು?"

ಮಾಯಾಂಡಿ ಎದ್ದು ಕೂತು ಮೀಸೆಯ ಮಣ್ಣು ಒರೆಸಿಕೊಂಡ. ಮಗಳ ಮುಖ ನೋಡಲಿಲ್ಲ. "ನಾನು ಎಣಿಸ್ಲೇ ಇಲ್ಲ ತಾಯೀ. 'ಟಕ್' ಅಂತು, ತೆರೆದೆ. ತೋಟಾ ಕೈಯಾಗೇ ಸಿಡೀತು. ಹಂದಿ ಅಂಗೇ ನೋಡ್ಕಂಡು ನಿಂತಿತ್ತು. ಆಮ್ಯಾಲ ಅದರ ಪಾಡಿಗೆ ಅದು ಓಯ್ತು." ಮೆಲ್ಲಗೆ ಸೇರಿಸಿದ: "ಬತ್ತಲಗುಂಡು ಕಲ್ಯಾಣ ಮುಗಿಯೋಗಂಟ ಯಾರಿಗೂ ಏಳ್ಬ್ಯಾಡ."

ಅಷ್ಟರಲ್ಲಿ ವೇಲು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಫಾರಂ ಎಳೆದುಕೊಂಡಿದ್ದ. ತನ್ನ ಕಣ್ಣೆದುರೇ ಹೀಗಾಯಿತೆಂದು ಬರೆಯುವ ಆಸೆ ಅವನಿಗೂ ಇರಲಿಲ್ಲ. "ನೋಡಮ್ಮ, ಹಿಂದೆ ಅಪಘಾತ ಇಲ್ಲ, ಇವತ್ತೂ ಇಲ್ಲ. ಹಾಗೆ ಬರೆದು, ಐದೂ ಗುಂಡು ಹಾರಿದವೆಂದು ಸರ್ಟಿಫಿಕೇಟ್ ಕೊಟ್ಟುಬಿಡುತ್ತೇನೆ. ಅಪಘಾತ ಇದೆ ಅಂತ ಬರೆದರೆ ಕೋವಿ ಪರೀಕ್ಷೆಗೆ ಹೋಗುತ್ತೆ. ಯಾವಾಗ ವಾಪಸ್ ಬರುತ್ತೋ ದೇವರೇ ಬಲ್ಲ. ಏನಂತೀಯಾ?"

ತಲೆಯಾಡಿಸಿದರೆ ಸಾಕಿತ್ತು. ದ್ರಾಕ್ಷಿ ಉಳಿಯುತ್ತಿತ್ತು, ಅಪ್ಪನ ತಾಂಬೂಲವೂ ಉಳಿಯುತ್ತಿತ್ತು. ಮಾಯಾಂಡಿ ಮೂರು ಬೆರಳಿನ ಕೈಯನ್ನು ಪಂಚೆಯ ಮಡಿಕೆಯಲ್ಲಿ ಮರೆಮಾಡಿಕೊಂಡು ಅವಳನ್ನೇ ನೋಡುತ್ತಿದ್ದ. ಅವಳಿಗೆ ಪಾಪ ಅನ್ನಿಸಿತು. ಆದರೆ ಮನೆಯಲ್ಲಿ ಹದಿನಾರರ ಮಗಳು ಯುವಶ್ರೀ, 'ಅಮ್ಮಾ, ನಿನ್ನಾದಮೇಲೆ ಕೋವಿ ನನಗೆ' ಎಂದು ಆಗಲೇ ಸರದಿ ಹಿಡಿದಿದ್ದಳು.

"ಬರೀರಿ ಸಾರ್," ಎಂದಳು ಮಣಿಮೇಗಲೈ, ತಮಿಳಿನಲ್ಲಿ, ಬಿಡಿಸಿ ಬಿಡಿಸಿ. "ಹಿಂದೆ ಒಂದು ಅಪಘಾತ. ಇದೇ ತುಪಾಕಿ. ಎರಡು ಬೆರಳು ಹೋದವು. ಹಂದಿಗೆ ಏನೂ ಆಗಲಿಲ್ಲ."